ಮನಃಶಾಸ್ತ್ರದ ತರಗತಿ ನಿಮ್ಮಿಂದ ಕೇಳುವುದೇನು

(ಬಿ.ಎ. ಮೊದಲ ಸೆಮಿಸ್ಟರ್‌ನಲ್ಲಿ ಮನಃಶಾಸ್ತ್ರ ತೆಗೆದುಕೊಂಡ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಮಾಡಿದ ಉಪನ್ಯಾಸದ ಬರಹ ರೂಪ)

ವಿದ್ಯಾರ್ಥಿ ಮಿತ್ರರೇ, ಜೊತೆಗೆ ಬಂದಿರುವ ತಂದೆತಾಯಂದಿರೇ,

ಅಡ್ಮಿಷನ್ ಹೊತ್ತಿನಲ್ಲಿ ಈ ವಿಷಯ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. "ಸರ್, ಫ್ರೆಂಡ್ಸ್ ಎಲ್ಲ ಕಷ್ಟ ಸುಖ ನನ್ನ ಹತ್ರಾನೇ ಹೇಳ್ಕೊಳ್ತಾರೆ, ನಂಗೆ ಜನರ ಮನಸ್ಸು ಬೇಗ ಅರ್ಥ ಆಗುತ್ತೆ" ಅನ್ನುವುದು ಒಂದು. "ಕೌನ್ಸೆಲರ್ ಆಗ್ಬೇಕು ಸರ್" ಅನ್ನುವುದು ಇನ್ನೊಂದು. ಎರಡೂ ಒಳ್ಳೆಯ ಕಾರಣಗಳೇ. ಇನ್ನೊಬ್ಬರ ನೋವಿಗೆ ಕಿವಿಗೊಡುವ ಗುಣ ಇಲ್ಲದವರು ಈ ಕಡೆ ಬರದಿರುವುದೇ ವಾಸಿ.

ಆದರೆ ಈ ಕೋರ್ಸು ನಿಮ್ಮಿಂದ ಮೊದಲು ಕೇಳುವುದು ಬೇರೆಯದು. ಇನ್ನೊಬ್ಬರ ಮನಸ್ಸಿನ ಬಗ್ಗೆ ನೀವು ಕಟ್ಟಿಕೊಂಡ ಊಹೆಯನ್ನು ಪರೀಕ್ಷೆಗೆ ಒಡ್ಡುತ್ತೀರಾ, ಅದು ಸುಳ್ಳಾದರೆ ಸುಳ್ಳಾಯಿತೆಂದೇ ಬರೆದಿಡುತ್ತೀರಾ ಎಂದು ಅದು ಕೇಳುತ್ತದೆ. ಅಟೆಂಡೆನ್ಸು, ರೆಕಾರ್ಡ್ ಬುಕ್ಕು, ಸ್ಟ್ಯಾಟಿಸ್ಟಿಕ್ಸು, ಗೋಪ್ಯತೆ ಎಂದು ನಾವು ವರ್ಷವಿಡೀ ಹೇಳುವ ನಿಯಮಗಳೆಲ್ಲ ಈ ಒಂದು ಬೇಡಿಕೆಯಿಂದಲೇ ಹುಟ್ಟಿಕೊಂಡಿವೆ. ಇವತ್ತು ಆ ನಿಯಮಗಳನ್ನು ಓದಿ ಹೇಳುವುದಕ್ಕಿಂತ ಅವು ಯಾಕಿವೆ ಎಂದು ತಿಳಿಸಿದರೆ ನಿಮಗೆ ಹೆಚ್ಚು ಉಪಯೋಗ ಎಂದುಕೊಂಡಿದ್ದೇನೆ.

ಹಾಜರಾತಿಯ ವಿಷಯ ಬೇಗ ಮುಗಿಸುತ್ತೇನೆ. ಶೇಕಡಾ 75 ಇರಲೇಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದು ಕಷ್ಟ. ಇದು ಎಲ್ಲ ವಿಷಯಗಳಿಗೂ ಇರುವ ನಿಯಮ. ನಮ್ಮಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇದೆ. ಪ್ರಾಕ್ಟಿಕಲ್ ತರಗತಿಯಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕೂರಬೇಕು. ಒಬ್ಬರು ಪ್ರಯೋಗಕರ್ತ, ಇನ್ನೊಬ್ಬರು ಸಬ್ಜೆಕ್ಟ್, ಅಂದರೆ ಪ್ರಯೋಗಕ್ಕೆ ಒಳಗಾಗುವವರು. ರಸಾಯನಶಾಸ್ತ್ರದ ಹುಡುಗ ಬಾರದಿದ್ದರೆ ಅವನ ಟೆಸ್ಟ್ ಟ್ಯೂಬ್ ಕಪಾಟಿನಲ್ಲೇ ಇರುತ್ತದೆ, ಯಾರಿಗೂ ತೊಂದರೆಯಿಲ್ಲ. ನೀವು ಬಾರದಿದ್ದರೆ ನಿಮ್ಮ ಜೋಡಿಗೆ ಪ್ರಯೋಗ ಮಾಡಲು ಮನುಷ್ಯರೇ ಇರುವುದಿಲ್ಲ.

ಈಗ ಆ ಲ್ಯಾಬಿನ ಮಾತಿಗೆ ಬರುತ್ತೇನೆ. ಪೋಷಕರಲ್ಲಿ ಹಲವರಿಗೆ ಆಶ್ಚರ್ಯ: "ಆರ್ಟ್ಸ್ ಅಲ್ವಾ, ಇದಕ್ಕೆಂಥ ಲ್ಯಾಬ್?" ಲ್ಯಾಬ್ ಇದೆ, ಇರಲೇಬೇಕು. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಒಂದು ಪ್ರಯೋಗಾಲಯ ಶುರುಮಾಡಿದ. ಅಲ್ಲಿಂದಲೇ ಮನಃಶಾಸ್ತ್ರ ತತ್ತ್ವಶಾಸ್ತ್ರದ ಮನೆಬಿಟ್ಟು ಸ್ವಂತ ಸಂಸಾರ ಹೂಡಿತು ಎಂದು ಇತಿಹಾಸ ಹೇಳುವುದು ವಾಡಿಕೆ.

ನೀವು ಮಾಡುವ ಪ್ರಯೋಗಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಕನ್ನಡಿ ನೋಡಿ ಗೆರೆ ಎಳೆಯುವುದು. ಒಂದು ಹಲಗೆ, ಅದರ ಹಿಂಬದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕನ್ನಡಿ, ನಿಮ್ಮ ಕೈ ನೇರವಾಗಿ ಕಾಣದಂತೆ ಅಡ್ಡ ಒಂದು ತಗಡು. ಹಲಗೆಯ ಮೇಲೆ ಜೋಡಿ ಗೆರೆಗಳಲ್ಲಿ ಅಚ್ಚಾದ ನಕ್ಷತ್ರದ ಚಿತ್ರ. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ಒಂದು ಸುತ್ತು ಬರಬೇಕು. ಕೇಳಲು ಸುಲಭ. ಕೂತ ಮೇಲೆ ಮೊದಲ ತಿರುವಿನಲ್ಲೇ ಕೈ ನಿಂತುಬಿಡುತ್ತದೆ. ಮುಂದಕ್ಕೆ ಎಂದುಕೊಂಡರೆ ಪೆನ್ಸಿಲ್ ಹಿಂದಕ್ಕೆ ಬರುತ್ತದೆ. ಎದುರಿಗೆ ಕೂತವರು ಸ್ಟಾಪ್‌ವಾಚ್ ಹಿಡಿದು ಸಮಯ ಬರೆದುಕೊಳ್ಳಬೇಕು, ಪೆನ್ಸಿಲ್ ಗೆರೆ ದಾಟಿದಾಗಲೆಲ್ಲ ಒಂದು ತಪ್ಪು ಎಂದು ಗುರುತು ಹಾಕಬೇಕು.

ಮೊದಲು ಎಡಗೈಯಲ್ಲಿ ಒಮ್ಮೆ ಮಾಡಿಸುತ್ತೇವೆ. ಆಮೇಲೆ ಬಲಗೈಯಲ್ಲಿ ಹಲವು ಸಲ ಅಭ್ಯಾಸ. ಕೊನೆಗೆ ಮತ್ತೆ ಎಡಗೈ. ನಡುವೆ ಎಡಗೈ ಏನನ್ನೂ ಮಾಡಿಲ್ಲ. ಆದರೂ ಸಾಮಾನ್ಯವಾಗಿ ಎರಡನೆಯ ಸಲ ಅದು ಬೇಗ ಮುಗಿಸುತ್ತದೆ. ಬಲಗೈ ಕಲಿತದ್ದು ಎಡಗೈಗೂ ದಕ್ಕಿದೆ. ಇದನ್ನು ಉಭಯಪಾರ್ಶ್ವ ವರ್ಗಾವಣೆ ಎನ್ನುತ್ತಾರೆ.

ಇಲ್ಲೇ ಒಂದು ಪ್ರಶ್ನೆ ಏಳಬೇಕು, ಏಳದಿದ್ದರೆ ನಾನೇ ಎಬ್ಬಿಸುತ್ತೇನೆ. ಎಡಗೈ ಸುಧಾರಿಸಿದ್ದು ಬಲಗೈಯ ಅಭ್ಯಾಸದಿಂದಲೇ ಎಂದು ಹೇಗೆ ಹೇಳುತ್ತೀರಿ? ಮೊದಲ ಸಲ ತಾನೇ ಮಾಡಿದ್ದರಿಂದಲೂ ಅದು ಸ್ವಲ್ಪ ಕಲಿತಿರಬಹುದಲ್ಲ? ಹಾಗಾದರೆ ಬಲಗೈ ಅಭ್ಯಾಸ ಮಾಡದೆ ಅಷ್ಟೇ ಹೊತ್ತು ಸುಮ್ಮನೆ ಕೂತ ಇನ್ನೊಂದು ಗುಂಪೂ ಬೇಕು. ಅವರ ಎಡಗೈ ಎಷ್ಟು ಸುಧಾರಿಸಿತು ಎಂದು ನೋಡಿ ಹೋಲಿಸಬೇಕು. ಅದೇ ನಿಯಂತ್ರಿತ ಗುಂಪು. ಪುಸ್ತಕದಲ್ಲಿ ಇದರ ವ್ಯಾಖ್ಯೆಯನ್ನು ಎರಡು ಸಾಲಿನಲ್ಲಿ ಕೊಟ್ಟಿರುತ್ತಾರೆ, ಬಾಯಿಪಾಠ ಮಾಡಿದರೆ ಎರಡು ಅಂಕವೂ ಸಿಗುತ್ತದೆ. ಆದರೆ ಕನ್ನಡಿ ಮುಂದೆ ಬೆವರು ಒರೆಸಿಕೊಂಡು ಕೂತಾಗ ಆ ಪ್ರಶ್ನೆ ತಾನಾಗಿ ಹೊಳೆದವರಿಗೆ ಮುಂದೆ ಯಾವ ಜಾಹೀರಾತನ್ನು ನೋಡಿದರೂ, "ಈ ಔಷಧಿ ಕುಡಿದ ಮಕ್ಕಳಿಗೆ ಜ್ಞಾಪಕಶಕ್ತಿ ಹೆಚ್ಚಿತು" ಎಂದು ಯಾರೇ ಹೇಳಿದರೂ, "ಕುಡಿಯದ ಮಕ್ಕಳು?" ಎಂದು ಕೇಳುವ ಅಭ್ಯಾಸ ಉಳಿಯುತ್ತದೆ.

ಪ್ರಯೋಗವಾದ ಮೇಲೆ ರೆಕಾರ್ಡ್ ಬರೆಯಬೇಕು. ಉದ್ದೇಶ, ಯೋಜನೆ, ಸಾಮಗ್ರಿ, ವಿಧಾನ, ಮುನ್ನೆಚ್ಚರಿಕೆಗಳು, ನಿಮ್ಮ ಸಬ್ಜೆಕ್ಟಿನ ಫಲಿತಾಂಶ, ಇಡೀ ತರಗತಿಯ ಫಲಿತಾಂಶದ ಕೋಷ್ಟಕ, ಚರ್ಚೆ, ತೀರ್ಮಾನ. ಕ್ರಮ ಇಷ್ಟೇ, ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತದೆ. ಅಕ್ಷರ ದುಂಡಗಿರಲಿ, ಗ್ರಾಫ್ ಪೆನ್ಸಿಲ್‌ನಲ್ಲಿರಲಿ, ಒಳ್ಳೆಯದೇ.

ನನಗೆ ನಿಜವಾಗಿ ಮುಖ್ಯವಾದದ್ದು ಫಲಿತಾಂಶದ ಪುಟ. ಕೆಲವರ ಎಡಗೈ ಎರಡನೆಯ ಸಲ ಸುಧಾರಿಸಿರುವುದಿಲ್ಲ. ಕೆಲವರಿಗೆ ಸಮಯ ಕಡಿಮೆಯಾಗಿ ತಪ್ಪುಗಳು ಜಾಸ್ತಿಯಾಗಿರುತ್ತವೆ. ಆಗ ವಿದ್ಯಾರ್ಥಿ ಗಾಬರಿಯಾಗುತ್ತಾನೆ. ಪುಸ್ತಕದಲ್ಲಿ ಹೀಗಿಲ್ಲ, ಸೀನಿಯರ್ ರೆಕಾರ್ಡಿನಲ್ಲೂ ಹೀಗಿಲ್ಲ. ರಾತ್ರಿ ಹಾಸ್ಟೆಲಿನಲ್ಲಿ ಕೂತು ಅಂಕಿಗಳನ್ನು "ಸರಿ" ಮಾಡುತ್ತಾನೆ. ಬೆಳಗ್ಗೆ ನೋಡಿದರೆ ಅಚ್ಚುಕಟ್ಟಾದ ರೆಕಾರ್ಡು, ಪುಸ್ತಕದಲ್ಲಿದ್ದ ಫಲಿತಾಂಶವೇ ಅಲ್ಲಿ.

ದಯವಿಟ್ಟು ಇದನ್ನು ಮಾಡಬೇಡಿ. ಪ್ರಯೋಗ ಸರಿಯಾಗಿ ನಡೆಸಿದ್ದರೆ, ಪುಸ್ತಕಕ್ಕೆ ಹೊಂದದ ಫಲಿತಾಂಶಕ್ಕೆ ಯಾರೂ ಅಂಕ ಕಳೆಯಬಾರದು, ನಾನಂತೂ ಕಳೆಯುವುದಿಲ್ಲ. ಸಮಯ ಇಳಿದು ತಪ್ಪು ಏರಿದ್ದರೆ ಅದನ್ನು ಹಾಗೆಯೇ ಬರೆದು, ಸಬ್ಜೆಕ್ಟು ಅವಸರಪಟ್ಟರೇ, ನಾವು ಕೊಟ್ಟ ಸೂಚನೆಯಲ್ಲಿ "ಬೇಗ" ಎಂಬ ಮಾತಿಗೆ ಒತ್ತು ಜಾಸ್ತಿಯಾಯಿತೇ, ಪಕ್ಕದ ಮೇಜಿನ ನಗುವಿನಿಂದ ಗಮನ ಹೋಯಿತೇ ಎಂದು ಚರ್ಚೆಯಲ್ಲಿ ಬರೆಯಿರಿ. ಆ ಅರ್ಧ ಪುಟಕ್ಕೆ ಇಡೀ ರೆಕಾರ್ಡಿನಷ್ಟು ಬೆಲೆಯಿದೆ.

ಇದು ಕಾಲೇಜಿನ ಮಟ್ಟದ ಸಣ್ಣ ವಿಷಯ ಎಂದುಕೊಳ್ಳಬೇಡಿ. 2015ರಲ್ಲಿ ಮನಃಶಾಸ್ತ್ರಜ್ಞರ ದೊಡ್ಡದೊಂದು ತಂಡ, ಪ್ರತಿಷ್ಠಿತ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ ಹೆಚ್ಚೂಕಡಿಮೆ ಎಲ್ಲವೂ ಗಣನೀಯ ಫಲಿತಾಂಶ, ಅಂದರೆ ಬರೀ ಆಕಸ್ಮಿಕ ಎಂದು ತಳ್ಳಿಹಾಕಲು ಕಷ್ಟವಾದ ಫಲಿತಾಂಶ, ತೋರಿಸಿದ್ದವು. ಮರುಪ್ರಯೋಗದಲ್ಲಿ ಹಾಗೆ ತೋರಿಸಿದ್ದು ಸುಮಾರು ಶೇಕಡಾ 36 ಮಾತ್ರ. ಎಲ್ಲರೂ ಸುಳ್ಳು ಬರೆದಿದ್ದರು ಎಂದು ಇದರ ಅರ್ಥವಲ್ಲ. ಸಣ್ಣ ಗುಂಪುಗಳ ಮೇಲೆ ಮಾಡಿದ ಪ್ರಯೋಗ, ಚೆನ್ನಾಗಿ ಬಂದ ಫಲಿತಾಂಶವನ್ನಷ್ಟೇ ಪ್ರಕಟಿಸಿ ಉಳಿದದ್ದನ್ನು ಡ್ರಾಯರಿನಲ್ಲಿಡುವ ರೂಢಿ, ಅಂಕಿಗಳನ್ನು ಬೇಕಾದ ಕಡೆಗೆ ತಿರುಗಿಸಿ ನೋಡುವ ಚಾಳಿ, ಹೀಗೆ ಹಲವು ಕಾರಣಗಳಿವೆ. ತಮ್ಮ ಶಾಸ್ತ್ರದ ತಪ್ಪನ್ನು ತಾವೇ ಹುಡುಕಿ ಜಗತ್ತಿಗೆ ತೋರಿಸಿದ ಆ ಸಂಶೋಧಕರ ಬಗ್ಗೆ ನನಗೆ ಅಪಾರ ಗೌರವವಿದೆ. ನೀವು ರೆಕಾರ್ಡಿನಲ್ಲಿ ಕಂಡದ್ದನ್ನು ಕಂಡಂತೆ ಬರೆಯುವಾಗ ಅದೇ ಸಾಲಿನಲ್ಲಿ ನಿಲ್ಲುತ್ತೀರಿ.

ಇನ್ನೊಂದು ಮಾತೂ ಇದಕ್ಕೆ ಸೇರಿದ್ದು. ಪುಸ್ತಕದಲ್ಲಿರುವ ಪ್ರಯೋಗಗಳಲ್ಲಿ ಬಹುಪಾಲು ಅಮೆರಿಕ, ಯೂರೋಪಿನ ಜನರ ಮೇಲೆ, ಅದರಲ್ಲೂ ಕಾಲೇಜು ಹುಡುಗ ಹುಡುಗಿಯರ ಮೇಲೆ ನಡೆದವು. ಇಷ್ಟು ಕಿರಿದಾದ ಗುಂಪನ್ನು ನೋಡಿ "ಮನುಷ್ಯರು ಹೀಗೆ" ಎನ್ನುವುದು ಸರಿಯೇ ಎಂದು 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಗಟ್ಟಿಯಾಗಿ ಪ್ರಶ್ನಿಸಿದರು. ನಮ್ಮ ಲ್ಯಾಬಿನಲ್ಲೇ ಇದಕ್ಕೊಂದು ಉದಾಹರಣೆಯಿದೆ. ಮರೆವಿನ ಬಗ್ಗೆ 1885ರಲ್ಲಿ ಪುಸ್ತಕ ಬರೆದ ಹರ್ಮನ್ ಎಬಿಂಗ್‌ಹೌಸ್, ಹಳೆಯ ನೆನಪು ಅಡ್ಡ ಬಾರದಿರಲಿ ಎಂದು ಅರ್ಥವಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ತಯಾರಿಸಿಕೊಂಡು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ವ್ಯಂಜನ, ಸ್ವರ, ಮತ್ತೆ ವ್ಯಂಜನ, ಇದು ಅವುಗಳ ರಚನೆ. ಬೇರೆ ಭಾಷೆಯವರಿಗಾಗಿ ಮಾಡಿದ ಅಂಥ ಪಟ್ಟಿಯಲ್ಲಿ "ಕಣ್", "ಬಿಲ್", "ಮುಳ್" ಎಂಬಂಥವು ಬಂದುಬಿಟ್ಟರೆ ಏನಾಗುತ್ತದೆ? ಕನ್ನಡದ ಮಗುವಿಗೆ ಅವು ಅರ್ಥವಿಲ್ಲದವಲ್ಲ, ಕಣ್ಣು, ಬಿಲ್ಲು, ಮುಳ್ಳು ಎಂದು ತಟ್ಟನೆ ನೆನಪಿನಲ್ಲಿ ಕೂರುತ್ತವೆ, ಪ್ರಯೋಗ ಕೆಡುತ್ತದೆ. ಹಾಗಾಗಿ ಪಟ್ಟಿಯನ್ನು ನೀವೇ ಕನ್ನಡದಲ್ಲಿ ಕೂತು ತಯಾರಿಸಬೇಕು, ಪ್ರತಿಯೊಂದನ್ನೂ ನಾಲ್ಕು ಜನರ ಮುಂದೆ ಓದಿ ಏನಾದರೂ ನೆನಪಾಗುತ್ತಾ ಎಂದು ಕೇಳಬೇಕು. ಕಲಬುರಗಿಯವರಿಗೆ ಏನೂ ಅನ್ನಿಸದ ಸದ್ದು ಕುಂದಾಪುರದವರಿಗೆ ಮನೆಮಾತಾಗಿರಬಹುದು.

ಈಗ ಎಲ್ಲರೂ ಹೆದರುವ ವಿಷಯ, ಸ್ಟ್ಯಾಟಿಸ್ಟಿಕ್ಸ್. "ಗಣಿತ ಬೇಡ ಅಂತಾನೇ ಆರ್ಟ್ಸ್ ತಗೊಂಡೆ ಸರ್" ಎನ್ನುವವರು ಪ್ರತಿ ವರ್ಷವೂ ಇರುತ್ತಾರೆ. ಇದರಿಂದ ತಪ್ಪಿಸಿಕೊಳ್ಳಲಾಗದು, ನಿಜ. ಆದರೆ ಬೇಕಾದ ಲೆಕ್ಕ ಏಳನೇ ಕ್ಲಾಸಿನದು: ಕೂಡುವುದು, ಕಳೆಯುವುದು, ವರ್ಗ ಮಾಡುವುದು, ಭಾಗಿಸುವುದು.

ಒಂದು ಲೆಕ್ಕ ಈಗಲೇ ಮಾಡೋಣ. ಭಾಷಣ ಸ್ಪರ್ಧೆಯಲ್ಲಿ ಐದು ಜನ, ತೀರ್ಪುಗಾರರು ಇಬ್ಬರು. ಮೊದಲ ತೀರ್ಪುಗಾರರು ಕೊಟ್ಟ ಸ್ಥಾನಗಳು 1, 2, 3, 4, 5. ಅದೇ ಐವರಿಗೆ ಎರಡನೆಯವರು ಕೊಟ್ಟದ್ದು 2, 1, 4, 3, 5. ಇಬ್ಬರ ತೀರ್ಪು ಎಷ್ಟು ಹೊಂದುತ್ತದೆ? ಒಬ್ಬೊಬ್ಬ ಸ್ಪರ್ಧಿಯ ಎರಡು ಸ್ಥಾನಗಳ ವ್ಯತ್ಯಾಸ ತೆಗೆಯಿರಿ: 1, 1, 1, 1, 0. ವರ್ಗ ಮಾಡಿ ಕೂಡಿ: 4. ಅದನ್ನು 6ರಿಂದ ಗುಣಿಸಿದರೆ 24. ಕೆಳಗೆ ಬರುವುದು 5 ಗುಣಿಸು 24 (5ರ ವರ್ಗದಿಂದ 1 ಕಳೆದದ್ದು), ಅಂದರೆ 120. 24ನ್ನು 120ರಿಂದ ಭಾಗಿಸಿದರೆ 0.2. ಅದನ್ನು 1ರಿಂದ ಕಳೆದರೆ 0.8. ಪೂರ್ತಿ ಹೊಂದಿದ್ದರೆ 1, ಪೂರ್ತಿ ತಿರುಗುಮುರುಗಾಗಿದ್ದರೆ ಮೈನಸ್ 1 ಬರುತ್ತಿತ್ತು. ಹಾಗಾಗಿ ಇವರಿಬ್ಬರ ತೀರ್ಪು ಚೆನ್ನಾಗಿಯೇ ಹೊಂದುತ್ತದೆ. ಆದರೆ ಐದೇ ಜನರನ್ನು ನೋಡಿ ಗಟ್ಟಿ ಮಾತಾಡುವಂತಿಲ್ಲ ಎಂಬುದನ್ನೂ ಅದೇ ಪಾಠ ಕಲಿಸುತ್ತದೆ.

ಈ ಸೂತ್ರಕ್ಕೆ ಸ್ಪಿಯರ್‌ಮನ್ ಹೆಸರಿದೆ. ಚಾರ್ಲ್ಸ್ ಸ್ಪಿಯರ್‌ಮನ್ ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಹತ್ತಿರ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಕಲ್ಕತ್ತಾ ಬಿಟ್ಟರೆ ಭಾರತದಲ್ಲಿ ಮೊದಲು ಶುರುವಾದವುಗಳಲ್ಲಿ ಅದೂ ಒಂದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಹೆಸರಿನ ರೇಡಿಯೋ ಪ್ರಸಾರ ಆರಂಭಿಸಿದವರೂ ಅವರೇ. "ಆಕಾಶವಾಣಿ" ಎಂಬ ಹೆಸರು ಕೇಳಿದಾಗ ಇನ್ನು ಮುಂದೆ ಒಬ್ಬ ಮನಃಶಾಸ್ತ್ರದ ಮೇಷ್ಟ್ರು ನೆನಪಾಗಲಿ. ಈ ಶಾಸ್ತ್ರ ಕರ್ನಾಟಕಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ, ನೂರು ವರ್ಷದ ಹಿಂದೆಯೇ ಬಂದದ್ದು.

ಓದುವ ಕ್ರಮದ ಬಗ್ಗೆ ಬೇರೆ ಇಲಾಖೆಯವರು ಸಲಹೆ ಕೊಡಬಹುದು, ನಾವು ಪುರಾವೆಯನ್ನೇ ಕೊಡಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಸಣ್ಣ ಪಾಠಗಳನ್ನು ಓದಿದರು. ಆಮೇಲೆ ಒಂದನ್ನು ಇನ್ನೊಮ್ಮೆ ಓದಿದರು, ಇನ್ನೊಂದನ್ನು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ ಪಾಠವೇ ಮುಂದಿತ್ತು, ಶೇಕಡಾ 81ಕ್ಕೆ 75. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು: ಮತ್ತೆ ಓದಿದ್ದು 42, ಮುಚ್ಚಿ ಬರೆದದ್ದು 56. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸನ್ನು ಮತ್ತೆ ಮತ್ತೆ ಓದಿ "ಎಲ್ಲ ಬಂತು" ಎನ್ನಿಸುತ್ತದಲ್ಲ, ಆ ಅನ್ನಿಸಿಕೆ ಬೆಳಗಿನ ತನಕ ಮಾತ್ರ ಬಾಳುವಂಥದ್ದು. ಪ್ರತಿ ತರಗತಿಯಾದ ಮೇಲೆ ಆ ದಿನವೇ ಒಂದು ಬಿಳಿ ಹಾಳೆ ತೆಗೆದು, ನೋಟ್ಸ್ ನೋಡದೆ, ನೆನಪಿದ್ದದ್ದನ್ನು ಬರೆಯಿರಿ. ಬಾರದ ಜಾಗ ಯಾವುದೆಂದು ಗೊತ್ತಾಗುತ್ತದೆ. ಮರುದಿನ ಬಂದು ಅದನ್ನೇ ಕೇಳಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಧೈರ್ಯದ ಮಾತು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿ.ಎ. ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು, ಬರೆಯಿರಿ. ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಯಿರಿ, ಯಾಕೆಂದರೆ ಎಂ.ಎ.ಗೆ ಹೋದಾಗ ಇಂಗ್ಲಿಷ್ ಪುಸ್ತಕಗಳೇ ಹೆಚ್ಚು. ಆದರೆ ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಉರುಹೊಡೆದು ಬರೆದವರಿಗಿಂತ, ಅಜ್ಜಿಗೆ ಹೇಳುವಂತೆ ಕನ್ನಡದಲ್ಲಿ ಬಿಡಿಸಿ ಬರೆದವರ ಉತ್ತರ ಪತ್ರಿಕೆಯನ್ನು ನಾನು ಹೆಚ್ಚು ಸಂತೋಷದಿಂದ ತಿದ್ದುತ್ತೇನೆ.

ಇನ್ನು ಗೋಪ್ಯತೆ. ನಿಮ್ಮ ಜೋಡಿ ನಿಮಗೆ ಸಬ್ಜೆಕ್ಟ್ ಆಗಿ ಕೂತಾಗ ತನ್ನನ್ನು ನಿಮ್ಮ ಕೈಗೆ ಒಪ್ಪಿಸಿರುತ್ತಾಳೆ. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಅವಳಿಗೆ ಬಂದ ಅಂಕ, ಆತಂಕದ ಪ್ರಶ್ನಾವಳಿಯಲ್ಲಿ ಅವಳು ಟಿಕ್ ಹಾಕಿದ್ದು ಕ್ಯಾಂಟೀನಿನಲ್ಲಿ ಬಾಯಿಗೆ ಬರಬಾರದು. ರೆಕಾರ್ಡಿನಲ್ಲಿ ಹೆಸರಿಲ್ಲ, ಮೊದಲಕ್ಷರ, ವಯಸ್ಸು ಸಾಕು. ನಡುವೆ ಬೇಡ ಅನ್ನಿಸಿದರೆ ಅವಳು ಎದ್ದು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ. 1920ರಲ್ಲಿ ಜಾನ್ ವ್ಯಾಟ್ಸನ್ ಮತ್ತು ರೋಸಲಿ ರೇನರ್ ವರ್ಷ ತುಂಬದ ಒಂದು ಮಗುವಿಗೆ ಬಿಳಿ ಇಲಿ ಕಂಡರೆ ಭಯವಾಗುವಂತೆ ಮಾಡಿದರು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಈ ಪ್ರಯೋಗ ನಿಮ್ಮ ಪಠ್ಯದಲ್ಲಿ ಕಲಿಕೆಯ ಅಧ್ಯಾಯದಲ್ಲಿ ಬರುತ್ತದೆ. ಓದುವಾಗ ಭಯ ಹೇಗೆ ಕಲಿಸಿದರು ಎಂಬುದರ ಜೊತೆಗೆ ಆ ಮಗುವಿನ ತಾಯಿಯ ಜಾಗದಲ್ಲಿ ನಿಂತೂ ಒಮ್ಮೆ ಓದಿ.

ಎರಡನೇ ವರ್ಷಕ್ಕೆ ಬರುವಾಗ ಅಸಹಜ ಮನಃಶಾಸ್ತ್ರದ ಅಧ್ಯಾಯಗಳು ಶುರುವಾಗುತ್ತವೆ. ಖಿನ್ನತೆಯ ಲಕ್ಷಣಗಳು, ಗೀಳಿನ ಲಕ್ಷಣಗಳು ಎಂದು ಓದುತ್ತಾ ಹೋದಂತೆ ಪ್ರತಿಯೊಂದೂ ತನಗೇ ಇದೆ ಎನ್ನಿಸುವುದು, ಚಿಕ್ಕಪ್ಪನಿಗೊಂದು, ರೂಮ್‌ಮೇಟಿಗೊಂದು ಕಾಯಿಲೆಯ ಹೆಸರು ಅಂಟಿಸುವುದು ತುಂಬ ಸಾಮಾನ್ಯ. ಹೆಸರು ಅಂಟಿಸಬೇಡಿ. ಆದರೆ ಓದುತ್ತಿರುವಾಗ ನಿಮ್ಮದೇ ಹಳೆಯ ನೋವು ಮೇಲೆದ್ದು ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಅದನ್ನು ಪಾಠದ ಭಾಗವೆಂದು ನುಂಗಿಕೊಂಡು ಕೂರಬೇಡಿ. ನಮ್ಮಲ್ಲಿ ಯಾರ ಬಳಿಯಾದರೂ ಬನ್ನಿ. ನಮಗೆ ಹೇಳಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಪೋಷಕರು ಕಾದು ಕೂತಿರುವ ಪ್ರಶ್ನೆಗೆ ಬರುತ್ತೇನೆ: ಇದನ್ನು ಓದಿದರೆ ಮುಂದೇನು? ನೇರವಾಗಿ ಹೇಳುತ್ತೇನೆ. ಬಿ.ಎ. ಮುಗಿಸಿದ ಮಾತ್ರಕ್ಕೆ ಯಾರೂ ಮಾನಸಿಕ ಚಿಕಿತ್ಸೆ ಕೊಡುವಂತಿಲ್ಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಮೂರು ವರ್ಷದ ಮೇಲೆ ಎಂ.ಎ. ಅಥವಾ ಎಂ.ಎಸ್ಸಿ. ಎರಡು ವರ್ಷ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಅದರ ಜೊತೆ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣಳತೆಯಲ್ಲಿ ಪಡೆಯುವ ತರಬೇತಿ, ಆಮೇಲೆ 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ಬಹಳ ಕಾಲ ಈ ತರಬೇತಿ ಎಂದರೆ ಎರಡು ವರ್ಷದ ಎಂ.ಫಿಲ್. ಈಗ ಎಂ.ಫಿಲ್. ಪದ್ಧತಿಯೇ ನಿಲ್ಲುತ್ತಾ ಅದರ ಜಾಗಕ್ಕೆ ಬೇರೆ ಕೋರ್ಸುಗಳು ಬರುತ್ತಿವೆ. ಆದ್ದರಿಂದ ಯಾವುದೇ ಸಂಸ್ಥೆಗೆ ದುಡ್ಡು ಕಟ್ಟುವ ಮೊದಲು, ಆ ಕೋರ್ಸಿಗೆ ಆ ವರ್ಷ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲಿ ನೀವೇ ನೋಡಿ, ಬ್ರೋಷರಿನ ಮಾತು ನಂಬಬೇಡಿ. ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಮನಃಶಾಸ್ತ್ರದ ಪದವಿ ಮುಗಿಸಿಕೊಳ್ಳೋಣ ಎಂಬ ಯೋಚನೆಯಿದ್ದರೆ, 2025ರ ಪ್ರವೇಶಗಳಿಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಅದನ್ನು ನಿಲ್ಲಿಸಿದೆ. ಔಷಧಿ ಬರೆದುಕೊಡುವ ಸೈಕಿಯಾಟ್ರಿಸ್ಟ್ ಆಗಲು ಎಂ.ಬಿ.ಬಿ.ಎಸ್. ಬೇಕು, ಆ ದಾರಿಯೇ ಬೇರೆ.

ಉದ್ದದ ದಾರಿ ಎಂದು ಹೆದರಿಸುತ್ತಿಲ್ಲ. ಬಿ.ಎ. ನಂತರ ಬಿ.ಇಡಿ., ವಿಶೇಷ ಶಿಕ್ಷಣ, ಸಮಾಜಕಾರ್ಯ, ಕಂಪನಿಗಳ ಎಚ್.ಆರ್. ವಿಭಾಗ, ಎಂ.ಎ. ಆದ ಮೇಲೆ ಕೆ-ಸೆಟ್ ಎಂಬ ರಾಜ್ಯದ ಅರ್ಹತಾ ಪರೀಕ್ಷೆ ಬರೆದು ಅಧ್ಯಾಪನ, ಇವೆಲ್ಲ ಇವೆ. ಆದರೆ ಹೆಣ್ಣುಮಗಳು ಇಷ್ಟಪಟ್ಟು ಕ್ಲಿನಿಕಲ್ ದಾರಿ ಹಿಡಿದರೆ, ಮೂರನೇ ವರ್ಷ ಮುಗಿಯುತ್ತಿದ್ದಂತೆ "ಇನ್ನೂ ಎಷ್ಟು ಓದ್ತಿಯಮ್ಮ" ಎಂದು ಕೇಳಬೇಡಿ ಎಂಬುದು ನನ್ನ ಬೇಡಿಕೆ. ಆ ದಾರಿ ಎಷ್ಟು ಉದ್ದ ಎಂಬುದು ಇವತ್ತೇ ಗೊತ್ತಾಯಿತಲ್ಲ.

ಉಪನ್ಯಾಸದ ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಲ್ಯಾಬಿನಲ್ಲಿ ಕಲಿತ ಬುದ್ಧಿಶಕ್ತಿ ಪರೀಕ್ಷೆಯನ್ನು ಮನೆಯಲ್ಲಿ ತಮ್ಮನಿಗೆ ಮಾಡಿ ನೋಡಬಹುದಾ ಎಂದು ಆಕೆ ಕೇಳಿದಳು. ಬೇಡಮ್ಮ ಎಂದೆ. ಕಾರಣ ಎರಡು. ಒಮ್ಮೆ ಪ್ರಶ್ನೆಗಳನ್ನು ಕಂಡ ಮಗುವಿಗೆ ನಾಳೆ ನಿಜವಾಗಿ ಆ ಪರೀಕ್ಷೆಯ ಅಗತ್ಯ ಬಂದಾಗ ಬರುವ ಅಂಕ ನಂಬುವಂತಿರುವುದಿಲ್ಲ. ಎರಡನೆಯದು, ಇಂಥ ಪರೀಕ್ಷೆಗಳಲ್ಲಿ ಸರಾಸರಿ 100, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ನಡುವೆಯೇ ಇರುತ್ತಾರೆ. ನಿನ್ನ ತಮ್ಮನಿಗೆ ಜ್ವರ ಬಂದ ದಿನ 88 ಬಂದರೆ, ಅದರರ್ಥ ಏನು, ಏನಲ್ಲ ಎಂದು ಅಪ್ಪ ಅಮ್ಮನಿಗೆ ಬಿಡಿಸಿ ಹೇಳುವ ತರಬೇತಿ ನಿನಗಿನ್ನೂ ಆಗಿಲ್ಲ. ಆದರೆ ಆ ಸಂಖ್ಯೆ ಮಾತ್ರ ಮನೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹುಡುಗ ಗಣಿತದಲ್ಲಿ ಫೇಲಾದಾಗಲೆಲ್ಲ ಯಾರಾದರೂ ಅದನ್ನು ಎತ್ತುತ್ತಾರೆ. "ಹಾಗಾದ್ರೆ ಕನ್ನಡಿ ಪ್ರಯೋಗ ಮಾಡಿಸ್ಲಾ ಸರ್?" ಎಂದಳು. ಅದನ್ನು ಖಂಡಿತ ಮಾಡಿಸು, ಅವನು ಒಪ್ಪಿದರೆ, ಎಂದೆ.